ಮೀಸೆ ಇರುವ ಸವತಿ

ಜೂನ್ 2, ರಾತ್ರಿ

ಇವತ್ತೂ ಟೀ ಅರ್ಧಕ್ಕೇ ನಿಂತಿತು. ಗೇಟಿನ ಹತ್ತಿರ ಬೈಕಿನ ಹಾರ್ನ್ — ಪೀಂ ಪೀಂ ಪೀಂ! ನನ್ನ ಗಂಡ ಕಪ್ ಕೆಳಗಿಟ್ಟು ಓಡಿದ. ಗಂಡ!! ಬರೆಯುವಾಗ ಇನ್ನೂ ಕಿವಿ ಬಿಸಿಯಾಗುತ್ತದೆ.

ಬಂದದ್ದು ನನ್ನ ಸವತಿ. ಮೀಸೆ ಇರುವ ಸವತಿ. ಇವನ ಬಾಲ್ಯದ ದೋಸ್ತ್, ಕೆಳಗಿನ ಬೀದಿಯ ಫೋಟೋ ಸ್ಟುಡಿಯೋದವನು. ನಮ್ಮ ಮದುವೆಯ ಫೋಟೋ ತೆಗೆದವನೂ ಅವನೇ. ಆಲ್ಬಮ್ ತುಂಬ ಇವನು ಕ್ಯಾಮೆರಾವನ್ನೇ ನೋಡಿ ನಗುತ್ತಿದ್ದಾನೆ. ಅಂದರೆ ಸವತಿಯನ್ನು! ಪಕ್ಕದಲ್ಲಿ ನಾನು, ಅಷ್ಟೊಂದು ಮೇಕಪ್... ವೇಸ್ಟ್.

ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವ ಅಂದರು, “ಇನ್ಮೇಲೆ ಗ್ಯಾಸ್ ತರೋದು ಬೇಡ ಕಣ್ರೋ. ಇವಳ ಹೊಟ್ಟೆ ಮೇಲೇ ಪಾತ್ರೆ ಇಟ್ರೆ ಸಾಕು.”

ಜೂನ್ 6

ನನ್ನ ಪಾರ್ಟಿಗೆ ಒಬ್ಬ ಮೆಂಬರ್ ಸಿಕ್ಕಿದಳು! ಬಟಾಣಿ — ಭಾವನ ಮಗಳು, ಏಳು ವರ್ಷ. ಹಾರ್ನ್ ಕೇಳಿದ ಕೂಡಲೇ ಓಡಿಬಂದು ನನ್ನ ರೂಮಿನ ಬಾಗಿಲ ಹಿಂದೆ ನಿಂತಳು.

“ನಿಂಗೂ ಅವ್ನು ಬೇಡ್ವೇನೇ?”

“ಬೇಡ.”

ಮೈ ಡಾರ್ಲಿಂಗ್! ನಾನೂ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತೆ. ಓರಗಿತ್ತಿ ಅಕ್ಕ ಬಂದು ಅವಳನ್ನು ಎಳೆದುಕೊಂಡು ಹೋದಳು. “ಅಂಕಲ್ ಪಾಪ ಒಂದ್ ರೌಂಡ್ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ, ಏನೇ ನಿಂದು ನಖರಾ!”

ಬೈಕಿನ ಮುಂದೆ ಕೂರಿಸಿಕೊಂಡು ಸ್ಟುಡಿಯೋಗೆ ಕರೆದೊಯ್ದ. ಸವತಿ ಹೋದ, ಗಂಡ ನನಗೆ ಸಿಕ್ಕ. ಸಂಜೆಯೆಲ್ಲ ನನ್ನದೇ. ಸೋ ಹ್ಯಾಪಿ!!

ಜೂನ್ 11, ಸಂಜೆ

ಬಾಗಿಲ ಹಿಂದೆ ಮತ್ತೆ ನಮ್ಮ ಪಾರ್ಟಿ ಮೀಟಿಂಗ್. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಮಂಜುಗಡ್ಡೆಯಂಥ ಕೈ.

“ಚಿಕ್ಕಿ... ನಿಮ್ಗೂ ಹಾಗೆಲ್ಲಾ ಮುಟ್ತಾರಾ? ಯಾರಿಗೂ ಹೇಳ್ಬೇಡ ಅಂತ ನಿಮ್ಗೂ ಹೇಳಿದ್ದಾರಾ?”

ಇವಳಿಗೆ ಜ್ವರ ಎಂದು ಸುಳ್ಳು ಹೇಳಿ ನನ್ನ ಹತ್ತಿರವೇ ಮಲಗಿಸಿಕೊಂಡೆ. ಆರನೇ ತಾರೀಖು ನಾನು ಬರೆದದ್ದನ್ನು ಓದಲು ಆಗುತ್ತಿಲ್ಲ.

ಜೂನ್ 12

ಇವನಿಗೆ ಹೇಳಿದೆ. ಮೊದಲು ನಕ್ಕ. ಆಮೇಲೆ ಮುಖ ಕೆಂಪಾಯಿತು.

“ಸಾಕು ಮಾಡು. ನಿಂಗೆ ಅವ್ನ ಕಂಡ್ರೆ ಹೊಟ್ಟೆಉರಿ ಅಂತ ಇಡೀ ಮನೆಗೇ ಗೊತ್ತು. ಆದ್ರೆ ಇಷ್ಟು ಕೆಳಗಿಳೀತೀಯ ಅಂದ್ಕೊಂಡಿರ್ಲಿಲ್ಲ.”

ಸವತಿ ಸವತಿ ಎಂದು ಮನೆಮಂದಿಯನ್ನೆಲ್ಲ ನಗಿಸಿದವಳು ನಾನೇ. ಈಗ ಯಾರು ನಂಬುತ್ತಾರೆ? ನಾನೇ ನಂಬಲೋ ಬೇಡವೋ... ಹೊಟ್ಟೆಕಿಚ್ಚಿಗೇ ಹಾಗೆ ಕೇಳಿಸಿತೇ?

ಇಲ್ಲ. ಆ ಕೈ ತಣ್ಣಗಿತ್ತು. ಅದು ನನ್ನ ಹೊಟ್ಟೆಕಿಚ್ಚಲ್ಲ.

ಜೂನ್ 15, ಮಧ್ಯಾಹ್ನ

ಇಷ್ಟು ದಿನ ಬಟಾಣಿಯನ್ನು ಸೆರಗಿಗೆ ಕಟ್ಟಿಕೊಂಡೇ ಓಡಾಡಿದೆ. ಇವತ್ತು ಅಕ್ಕನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು.

“ಸ್ಟುಡಿಯೋಗೆ ಹೋಗ್ಬಂದ ದಿನ ಹಾಸಿಗೆ ಒದ್ದೆ ಮಾಡ್ಕೋತಾಳೆ ಕಣೇ. ಇಷ್ಟು ದೊಡ್ಡೋಳಾಗಿ ನಾಚಿಕೆ ಆಗಲ್ವಾ ಅಂತ ನಾನು... ನಾನು ಹೊಡೆದೂ ಇದ್ದೀನಿ.”

ಇಬ್ಬರೂ ಬಾಗಿಲು ಹಾಕಿಕೊಂಡು ಮಕ್ಕಳ ಹೆಲ್ಪ್‌ಲೈನಿಗೆ ಫೋನ್ ಮಾಡಿದೆವು. ನಾನು ಮೊದಲೇ ಒಪ್ಪಿಕೊಂಡುಬಿಟ್ಟೆ. “ಮೇಡಂ, ಆ ಮನುಷ್ಯನ ಮೇಲೆ ನಂಗೆ ಮೊದಲಿಂದಲೂ ಹೊಟ್ಟೆಕಿಚ್ಚು.”

ಆ ಕಡೆಯ ಹೆಂಗಸು ತಡೆದು ಅಂದರು, “ನಿಮ್ಗಿರ್ಲಿ ಬಿಡಮ್ಮ. ಮಗೂಗೆ ಹೊಟ್ಟೆಕಿಚ್ಚಿಲ್ವಲ್ಲ?”

ಅಕ್ಕ ಗೋಡೆಗೆ ಒರಗಿ ಬಿಕ್ಕಿದಳು.

ಕೆದಕಿ ಕೆದಕಿ ಕೇಳಬೇಡಿ ಅಂದರು. ನಿನ್ನನ್ನು ನಂಬಿದ್ದೇವೆ, ತಪ್ಪು ನಿನ್ನದಲ್ಲ ಎಂದಷ್ಟೇ ಹೇಳಿ. ಅವನ ಜೊತೆ ಒಂದು ಗಳಿಗೆಯೂ ಬಿಡಬೇಡಿ. ಅವನನ್ನು ಕರೆಸಿ ವಿಚಾರಣೆ ಮಾಡಲು ನೀವೇ ಹೋಗಬೇಡಿ. ನಾಳೆ ಅವರೇ ಬರುತ್ತಾರಂತೆ.

ಅಕ್ಕ ಬಟಾಣಿಯನ್ನು ಮಡಿಲಿಗೆಳೆದುಕೊಂಡು ಅಷ್ಟನ್ನೇ ಹೇಳಿದಳು. ಬಟಾಣಿ ಕೇಳಿದಳು, “ಹಾಗಾದ್ರೆ ಹೊಡೆಯಲ್ವಾ?”

ಜೂನ್ 16, ಬೆಳಿಗ್ಗೆ

ಅಕ್ಕನೇ ಅಣ್ಣತಮ್ಮಂದಿರಿಬ್ಬರನ್ನೂ ಕೂರಿಸಿ ಹೇಳಿದಳು. ಒದ್ದೆ ಹಾಸಿಗೆಯ ಮಾತು ಬಂದಾಗ ಇವನು ತಲೆ ತಗ್ಗಿಸಿದ. ಆಮೇಲೆ ಅತ್ತ. ಬಟಾಣಿಗಾಗಿಯೋ, ಅವನಿಗಾಗಿಯೋ... ನನಗೋಸ್ಕರ ಇವನು ಎಂದೂ ಅತ್ತವನಲ್ಲ. ಈ ಹೊತ್ತಿನಲ್ಲೂ ಹೊಟ್ಟೆಕಿಚ್ಚು! ಥೂ, ನನ್ನ ಬುದ್ಧಿಗಿಷ್ಟು.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಹೆಲ್ಪ್‌ಲೈನಿನವರು ಇನ್ನೂ ಬಂದಿಲ್ಲ. ಹಾರ್ನ್ ಬಂತು. ಪೀಂ ಪೀಂ ಪೀಂ.

ಭಾವ ಎದ್ದು ನಿಂತರು. ಅಕ್ಕ ತೋಳು ಹಿಡಿದು ಕೂರಿಸಿದಳು. ಬಟಾಣಿ ನನ್ನ ರೂಮಿಗೆ ಓಡಿಬಂದು ಬಾಗಿಲ ಹಿಂದೆ. ಇವನು ಎದ್ದ, ಚಪ್ಪಲಿ ಮೆಟ್ಟಿದ, ಹೊರಗೆ ನಡೆದ. ಅಭ್ಯಾಸಬಲವೋ ಏನೋ! ನಾನು ಕಿಟಕಿಗೆ ಓಡಿದೆ.

ಕಿಟಕಿಯಿಂದ ಕಾಣುತ್ತಿದೆ. ಗೇಟಿಗೆ ಬೀಗ ಹಾಕುತ್ತಿದ್ದಾನೆ.

ಆಚೆಯಿಂದ ನಗು. “ಏನೋ ಇದು? ಹೊಸ ಹೆಂಡ್ತಿ ಆರ್ಡರ್ರಾ?”

ಇವನು ಬೀಗ ಜಗ್ಗಿ ನೋಡಿದ. ಗೇಟಿಗೆ ಬೆನ್ನು ಮಾಡಿ ಅಲ್ಲೇ ನಿಂತ. ಈಗ ನನ್ನ ಕಿಟಕಿಯ ಕಡೆಗೇ ನೋಡುತ್ತಿದ್ದಾನೆ.

ಬಟಾಣಿ ಬಾಗಿಲ ಹಿಂದಿನಿಂದ ಒಂದು ಕಾಲು ಹೊರಗಿಟ್ಟಿದ್ದಾಳೆ. ಇನ್ನೊಂದೂ ಮೆಲ್ಲಗೆ ಬರುತ್ತಿದೆ.