ತಾಷ್ಕೆಂಟಿನಲ್ಲಿ ಮುರಿದ ರೊಟ್ಟಿ

ಅತ್ತೆಮ್ಮಾ,

ಕರ್ನೂಲಿನ ಪಾಸ್‌ಪೋರ್ಟ್ ಆಫೀಸು ನೆನಪಿದೆಯಲ್ಲ? ಆ ಗಾಜಿನ ಮೇಲೆ ಎಷ್ಟು ಸಲ ಒತ್ತಿದರೂ ನಿಮ್ಮ ಬೆರಳಿನ ಗುರುತು ಮೂಡಲಿಲ್ಲ. ಅಲ್ಲಿ ಕೂತಿದ್ದ ಹುಡುಗಿ ಬೇಸರಿಸದೆ ತೆಲುಗಿನಲ್ಲಿ "ಮಳ್ಳೀ ಪೆಟ್ಟವ್ವಾ" ಎಂದು ಮತ್ತೆ ಮತ್ತೆ ಇಡಿಸಿದಳು. ನೀವು ನಕ್ಕಿರಿ. "ಜ್ವಾಳದ ರೊಟ್ಟಿ ಬಡದು ಬಡದು ಸವದ ಕೈ ತಾಯಿ, ಗೆರಿ ಎಲ್ಲಿ ಉಳದಾವ?" ಕೊನೆಗೆ ಹೇಗೋ ಆಯಿತು.

ನಿಮ್ಮ ಮಗ ಹತ್ತಿ ದಲ್ಲಾಳಿಗಳ ಜೊತೆ ಉಜ್ಬೇಕಿಸ್ತಾನಕ್ಕೆ ಹೊರಟಾಗ ಮನೆಯವರೂ ಬರಬಹುದು ಎಂದಿದ್ದರು. ಕೋಸಗಿಯಲ್ಲಿ ರೈಲು ಹತ್ತಿ ಆದೋನಿಗೆ ಸೊಸೆಯಾಗಿ ಬಂದದ್ದೇ ನಿಮ್ಮ ದೊಡ್ಡ ಪ್ರಯಾಣವಾಗಿತ್ತು. ಎಲ್ಲರಿಗಿಂತ ಮೊದಲು ಶಾಲು ಮಡಿಚಿಟ್ಟವರು ನೀವೇ. ವೀಸಾ ಅರ್ಜಿ ಹಾಕಿದವಳು ನಾನು. ನಾನೇನು ಮಾಡಿದೆ? ನಿಮಗೆ "ನಿಮ್ಮ ವೀಸಾ ಬರಲಿಲ್ಲ" ಎಂದೆ. ಇವರಿಗೆ "ಅತ್ತೆಮ್ಮಗ ವಿಮಾನ ಅಂದ್ರ ಅಂಜಿಕಿ, ಒತ್ತಾಯ ಮಾಡಬ್ಯಾಡ್ರಿ" ಎಂದೆ. ಎರಡೂ ಸುಳ್ಳು.

ನೀವು ನಂಬಿಬಿಟ್ಟಿರಿ. "ನನ್ನ ಬೆರಳಿನ ತೊಂದ್ರಿನೇ ಅದು. ಅವಗ ಹೇಳಬ್ಯಾಡ ಗಿರಿಜಾ, ಮರುಗ್ತಾನ" ಎಂದು ನನ್ನ ಸುಳ್ಳಿಗೆ ನೀವೇ ಕಾವಲು ನಿಂತಿರಿ. ನೀವು ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಯಾರ ಸ್ನಾನಕ್ಕೂ ನೀರು ಕಾಯಿಸದ, ಯಾರ ಲಿಂಗಪೂಜೆ ಮುಗಿಯುವವರೆಗೂ ತಟ್ಟೆ ಹಿಡಿದು ಕಾಯದ ಒಂದು ವಾರ ಬೇಕಿತ್ತು ನನಗೆ, ಅಷ್ಟೇ. ನೇರವಾಗಿ ಕೇಳಿದ್ದರೆ ನೀವು ಕೊಡುತ್ತಿರಲಿಲ್ಲವೇ...

ತಾಷ್ಕೆಂಟಿನಲ್ಲಿ ವಿಮಾನ ಇಳಿದಾಗ ನಿಮ್ಮ ಮೊಮ್ಮಗಳು ಪಲ್ಲವಿ "ಅಮ್ಮಾ, ಬಾಯಾಗಿಂದ ಹೊಗಿ ಬರಾಕತ್ತೈತಿ!" ಎಂದು ಕುಣಿದಳು. ಎಷ್ಟು ಅಗಲದ ರಸ್ತೆಗಳು, ಒಂದು ಹಾರ್ನ್ ಇಲ್ಲ! ತಲೆಗೆ ವಸ್ತ್ರ ಕಟ್ಟಿದ ಮುದುಕಿಯರು ನಕ್ಕರೆ ಸಾಲು ಚಿನ್ನದ ಹಲ್ಲು. ಚಹಾದ ನೀಲಿ ಬಟ್ಟಲ ಮೇಲೂ ಒಡೆದ ಹತ್ತಿಕಾಯಿಯ ಚಿತ್ರ. "ಇಲ್ಲಿಗೆ ಬಂದ್ರೂ ಹತ್ತಿ ನಮ್ಮನ್ನ ಬಿಡವಲ್ದು" ಎಂದು ಇವರು ನಕ್ಕರು. ಬಟ್ಟಲಿಗೆ ಅರ್ಧ ಮಾತ್ರ ಚಹಾ ಸುರಿದಾಗ ಎಂಥ ಜಿಪುಣರಪ್ಪ ಅಂದುಕೊಂಡೆ. ಸ್ವಲ್ಪ ಸುರಿದು ಮತ್ತೆ ಮತ್ತೆ ಬಡಿಸುವುದೇ ಅವರ ಮರ್ಯಾದೆಯಂತೆ. ನೀವಿದ್ದಿದ್ದರೆ ಮೊದಲೇ ತಿಳಿದುಕೊಳ್ಳುತ್ತಿದ್ದಿರಿ.

ಒಂದು ಮಧ್ಯಾಹ್ನ ಹತ್ತಿ ಮಿಲ್ಲಿನವರೊಬ್ಬರು ಮನೆಗೆ ಊಟಕ್ಕೆ ಕರೆದರು. ಅವರ ತಾಯಿ ನಿಮ್ಮ ವಯಸ್ಸಿನವರು. ದುಂಡನೆಯ ದಪ್ಪ ರೊಟ್ಟಿ ತಂದಿಟ್ಟು, "ನಿಮ್ಮ ಮನೆಯ ಹಿರಿಯರು ಮುರಿಯಲಿ" ಎಂದರು. ಇವರು ನನ್ನ ಮುಖ ನೋಡಿ, "ನಮ್ಮ ತಾಯಿ ಬರಲಿಲ್ಲ, ಅವರಿಗೆ ವಿಮಾನವೆಂದರೆ ಭಯ" ಎಂದು ಜೊತೆಗೆ ಬಂದಿದ್ದ ಗೈಡಿಗೆ ಹಿಂದಿಯಲ್ಲಿ ಹೇಳಿದರು. ನನ್ನ ಸುಳ್ಳನ್ನು ನಿಮ್ಮ ಮಗನ ಬಾಯಲ್ಲಿ ಕೇಳಿ ನನಗೆ ನಾಚಿಕೆಯಾಯಿತು. ಆ ತಾಯಿ ಅಯ್ಯೋ ಎಂಬಂತೆ ತಲೆ ಆಡಿಸಿ, ಇನ್ನೊಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಪಾಲೆಂದು ನನ್ನ ಕೈಗಿಟ್ಟರು. ಮುಂದಿದ್ದ ರೊಟ್ಟಿಯನ್ನು ನಾನೇ ಮುರಿದೆ.

ಊರಿಗೆ ಬಂದು ಕೊಟ್ಟಾಗ ಅದು ಗಟ್ಟಿಯಾಗಿತ್ತು. ಹಾಲಲ್ಲಿ ನೆನೆಸಿ ತಿಂದಿರಿ. "ಚಲೋ ಐತಿ. ಇದನ್ನ ಸುಟ್ಟ ಆಕಿ ಬೆರಳು ಹೆಂಗದಾವ, ನೋಡಿದೇನು?" ಎಂದು ಕೇಳಿದಿರಿ. ಆಗಲಾದರೂ ಹೇಳಬಾರದಿತ್ತೇ ನಾನು? ಆಮೇಲೆ ನೀವು ರೊಟ್ಟಿ ಬಡಿಯುವುದನ್ನೇ ಬಿಟ್ಟಿರಿ. ಸಿಟ್ಟಿಗೆ ಕೈ ಕಟ್ಟಿ ಕೂತಿದ್ದಾರೆ ಎಂದು ನನ್ನ ತಂಗಿಗೆ ಫೋನಿನಲ್ಲಿ ಚಾಡಿ ಹೇಳಿದೆ.

ನಿಮ್ಮನ್ನು ಮಣ್ಣಿಗಿಟ್ಟು ಬಂದ ವಾರ ಪಲ್ಲವಿ ಹೇಳಿದಳು: "ಅಜ್ಜಿ ದಿನಾ ಬೆರಳಿಗೆ ಬೆಣ್ಣಿ ಹಚ್ಕೊಂತಿದ್ಲು. ರೊಟ್ಟಿ ಬಡದ್ರ ಮತ್ತ ಗೆರಿ ಸವೀತಾವಂತ. ಮುಂದಿನ ಸಲ ನಾನೂ ಬರ್ತೀನಿ ಅಂತಿದ್ಲಮ್ಮಾ."

ನಿನ್ನೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. "ಆಕಿ ವೀಸಾ ಖರೇನ ಬಂದಿತ್ತೇನು?" ಎಂದು ಒಂದೇ ಮಾತು ಕೇಳಿದರು. ಸೀರೆಗಳ ಅಡಿಯಿಂದ ಬಚ್ಚಿಟ್ಟಿದ್ದ ವೀಸಾ ಕಾಗದ ತೆಗೆದು ಮುಂದಿಟ್ಟೆ. ಆಗಿನಿಂದ ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರು. ಅವರು ಎಷ್ಟು ದಿನ ಹೀಗಿದ್ದರೂ ನಾನು ಸಹಿಸುತ್ತೇನೆ.

ನಿಮಗೊಂದು ಹೇಳಬೇಕು ಅತ್ತೆಮ್ಮಾ. ಆ ದೇಶದವರು ವೀಸಾಕ್ಕೆ ಬೆರಳಚ್ಚು ಕೇಳಿಯೇ ಇರಲಿಲ್ಲ. ನಮ್ಮ ನಾಲ್ವರಲ್ಲಿ ಮೊದಲು ಬಂದದ್ದು ನಿಮ್ಮ ವೀಸಾ.

ನಿಮ್ಮ ಸೊಸೆ,
ಗಿರಿಜಾ