ಅಪ್ಪನ ಖರೇ ವಯಸ್ಸು

ಶೈಲಾ,

ನಾಷ್ಟಾ ಆದಮೇಲೆ ಅಪ್ಪನಿಗೆ ಬಿ.ಪಿ. ಗುಳಿಗೆ ಕೊಡು. ಎಷ್ಟು ಬೈದರೂ ಚಹಾಕ್ಕೆ ಸಕ್ಕರೆ ಹಾಕಬೇಡ.

ಎಪ್ಪತ್ತು ದಾಟಿದವರಿಗೆ ಕೊಡುವ ಸರಕಾರಿ ಆಸ್ಪತ್ರೆ ಕಾರ್ಡ್ ನಿನ್ನೆ ಸಿಗಲಿಲ್ಲ. ಅಪ್ಪ ಎಪ್ಪತ್ಮೂರು ಅಂದರು, ಆಧಾರ್‌ನಲ್ಲಿ ಅರವತ್ತೈದು ಇತ್ತು. "ಬಾಬಾ, ಝೂಟ್ ಮತ್ ಬೋಲೋ" ಎಂದು ಕೌಂಟರಿನವನು ಎಲ್ಲರೆದುರು ಅವರನ್ನು ಸುಳ್ಳುಗಾರ ಮಾಡಿದ. ಮಲಾಡಿನಲ್ಲಿ ಅಪ್ಪನಿಗೆ ವಾಚ್‌ಮನ್ ಕೆಲಸ ಸಿಗಲೆಂದು, ಅವರಿಗೂ ಹೇಳದೆ ಆಧಾರ್‌ನಲ್ಲಿ ಎಂಟು ವರ್ಷ ಕಡಿಮೆ ಬರೆಸಿದವನು ನಾನು. ಪಕ್ಕದಲ್ಲೇ ನಿಂತಿದ್ದೆ. ಆಧಾರ್ ಜೇಬಿಗೆ ಹಾಕಿಕೊಂಡು ಅವರನ್ನು ಹೊರಗೆ ಕರೆತಂದೆ.

ಲೋಕಲ್ ಟ್ರೇನಿನಲ್ಲಿ ಬರುವಾಗ ಅಪ್ಪನೇ ನನಗೆ ಸಮಾಧಾನ ಹೇಳಿದರು: "ನಂದ ನೆನಪು ತಪ್ಪಿರಬೇಕು, ಬಿಡಪಾ."

ಟ್ರಂಕಿನಲ್ಲಿ ಅವರ ಊರ ಸಾಲಿಯ ಸರ್ಟಿಫಿಕೇಟ್ ಇದೆ, ತೆಗೆದಿಡು. ನಾಳೆ ರಜೆ ಹಾಕಿ ವಯಸ್ಸು ತಿದ್ದಿಸುತ್ತೇನೆ. ಅವರ ನೆನಪು ಸರಿಯಾಗೇ ಇದೆ ಎಂದು ನೀನೇ ಹೇಳು, ಅವರ ಮುಖ ನೋಡಿ ಹೇಳಲು ನನ್ನಿಂದಾಗದು. ಅವರು ಏಳುವ ಮೊದಲೇ ನಾನು ಹೊರಟಿದ್ದು ಅದಕ್ಕೇ.

ಶರಣಬಸಪ್ಪ