ಮಾಜಿ ಅಧ್ಯಕ್ಷರ ಮೊಣಕಾಲು

ಜನವರಿ ೯, ಬೆಳಿಗ್ಗೆ

ಬಸ್ಸೋಲೆ ಅಜ್ಜನ ಸೈಕಲ್ ಮತ್ತೆ ಪಂಕ್ಚರ್ ಆಗಿ ನನ್ನ ರಿಪೇರಿ ಅಂಗಡಿಗೆ ಬಂತು. ಟ್ಯೂಬಿಗಿಂತ ತೇಪೆಯೇ ಜಾಸ್ತಿ. ಒಂದು ಮಳೆಗಾಲ ದೇಶದ ಅಧ್ಯಕ್ಷನಾಗಿದ್ದವನು... ಹೊಸ ಟ್ಯೂಬ್ ಕೊಳ್ಳುವುದಿಲ್ಲ.

"ಏ ಕಡಲೆಕಾಯಿ ಕಳ್ಳಿ, ಇನ್ನೂ ಆಗಿಲ್ವಾ?"

"ಸುಮ್ನೆ ಕೂತ್ಕೋ, ನಾಯಿತಲೆ ತಿನ್ನೋನೆ. ಸೈಕಲ್ಲಿಗೆ ಬಾಲ ಇದ್ದಿದ್ರೆ ನಿನ್ನ ಕಂಡು ಓಡಿಹೋಗ್ತಿತ್ತು."

ಬೆಂಚಿನ ಮೇಲಿದ್ದ ಲಾರಿ ಡ್ರೈವರ್ ಬೆಚ್ಚಿಬಿದ್ದ. "ಅಧ್ಯಕ್ಷರಾಗಿದ್ದೋರಿಗೆ ಹೀಗಾ ಮಾತಾಡೋದು?" ಪರ ಊರಿನವನಿರಬೇಕು. ಅಜ್ಜ ಗುರುನ್ಸಿ, ನಾನು ಬಿಸ್ಸಾ. ಎರಡು ಕುಲಕ್ಕೂ ತಲೆಮಾರುಗಳಿಂದ ಬೈಗುಳದ ನೆಂಟಸ್ತನ: ನಮಗೆ ಕಡಲೆಕಾಯಿಯ ಹೆಸರಲ್ಲಿ ಬೈಗುಳ, ಅವರಿಗೆ ನಾಯಿತಲೆಯ ಹೆಸರಲ್ಲಿ. ಬೈಯದಿದ್ದರೆ ಮುನಿಸಿದೆ ಎಂದೇ ಅರ್ಥ.

ಜನವರಿ ೧೭

ಶಾಲೆ ಯಾಕೆ ಬಿಟ್ಟೆ ಎಂದು ಅಜ್ಜ ಕೇಳಿದ. ಹೇಳಿದೆ. ಪಾಠದಲ್ಲಿ ಅವನದೇ ಫೋಟೋ. ಸುತ್ತ ಅಧಿಕಾರ ಕಿತ್ತುಕೊಳ್ಳಲು ಬಂದೂಕು ಹಿಡಿದು ಬಂದ ಸೈನಿಕರು, ನಡುವೆ ಕುರ್ಚಿ, ಮೊಣಕಾಲ ಮೇಲೆ ಎರಡೂ ಕೈ. ಕೆಳಗೆ 'ಧೈರ್ಯ' ಎಂದಿತ್ತು. 'ಮುಖಾನೇ ಸರಿಯಾಗಿ ಕಾಣಲ್ಲ, ಧೈರ್ಯ ಅಂತ ಹೇಗೆ ಗೊತ್ತು?' ಎಂದೆ. ಮೇಷ್ಟ್ರು ಹೊರಗೆ ನಿಲ್ಲಿಸಿದರು. ಮತ್ತೆ ಒಳಗೆ ಹೋಗಲೇ ಇಲ್ಲ.

ಅಜ್ಜ ಕೆಮ್ಮು ಬರುವವರೆಗೆ ನಕ್ಕ.

"ಅವತ್ತು ಏಳೋಕೆ ಹೋದೆ ಕಣೇ. ಮೊಣಕಾಲು ಗಡಗಡ. ಒತ್ತಿ ಹಿಡ್ಕೊಂಡೆ. ಅದನ್ನೇ ಧೈರ್ಯ ಅಂದ್ರು."

"ಹೇಳ್ಬೇಕಿತ್ತು."

"ಹೇಳ್ದೆ. ವಿನಯ ಅಂದ್ರು."

ಸೈಕಲ್ ಹತ್ತುವ ಮುಂಚೆ ಅಂದ: "ನಾನು ಸತ್ತಾಗ ನನ್ನ ಟೋಪಿ ಹಾಕ್ಕೊಂಡು ಅವತ್ತಿನದ್ದನ್ನ ನೀನು ಎಲ್ಲರೆದುರು ಮಾಡಿ ತೋರ್ಸು. ಸತ್ತೋರನ್ನ ಅಣಕಿಸೋದು ಬೈಗುಳದ ನೆಂಟರ ಹಕ್ಕು, ಯಾರೂ ತಡೆಯೋ ಹಾಗಿಲ್ಲ. ಸುಳ್ಳು ಹೊತ್ಕೊಂಡು ಮಣ್ಣಿಗೆ ಹೋಗೋಕೆ ನಂಗಿಷ್ಟ ಇಲ್ಲ."

ಆಯ್ತು ಎಂದೆ. ಕೆಲಸ ಹುಡುಕಲು ಮುಂದಿನ ವಾರ ಕರಾವಳಿಯ ಲಾರಿ ಹತ್ತಬೇಕೆಂದಿದ್ದೆ. ಈಗ ಆಗುವುದಿಲ್ಲ.

ಮಾರ್ಚ್ ೩

ಅಜ್ಜ ಹೋದ. ಸೈಕಲ್ ಇಲ್ಲೇ ಇದೆ, ತೇಪೆ ಹಾಕಿ ನಿಲ್ಲಿಸಿದ್ದೆ.

ರಾಜಧಾನಿಯಿಂದ ಕಾರುಗಳು ಬಂದಿವೆ. ಕಪ್ಪು ಸೂಟಿನ ಅಧಿಕಾರಿ ನನ್ನನ್ನು ಕರೆಸಿದ. "ಸರ್ಕಾರಿ ಗೌರವ ಇದೆಯಮ್ಮ. ಇಲ್ಲಿ ತಮಾಷೆ ಎಲ್ಲ ಬೇಡ."

"ಸರ್ಕಾರ ಅಜ್ಜಂಗೆ ಏನಾಗ್ಬೇಕು? ನಾನು ಬೈಗುಳದ ನೆಂಟರೋಳು."

ಅಜ್ಜನಿಗೆ ಮಾತು ಕೊಟ್ಟಾಗಿದೆ.

ಮಾರ್ಚ್ ೫, ಸಂಜೆ

ಮಾಡಿದೆ.

ಅಜ್ಜನ ಮನೆಯಿಂದ ಶವಪೆಟ್ಟಿಗೆ ಹೊರಗೆ ಬಂತು. ಗೇಟಿಗೆ ಅಡ್ಡ ಕುರ್ಚಿ ಹಾಕಿ ಕೂತೆ. ಅಜ್ಜನ ಟೋಪಿ ಕಿವಿ ಮುಚ್ಚಿತ್ತು. ಮೊಣಕಾಲು ಹಿಡಿದು ಗಡಗಡ ನಡುಗಿಸಿದೆ. "ಹೊಡೀಬೇಡ್ರಪ್ಪ ಸೈನಿಕ್ರೇ! ನಾನು ಧೈರ್ಯವಂತ ಅಲ್ಲ, ಏಳೋಕಾಗ್ತಿಲ್ಲ ಅಷ್ಟೇ!"

ಅಂಗಳವೆಲ್ಲ ನಗು. ಬಂದೂಕು ಹಿಡಿದು ಗೌರವಕ್ಕೆ ನಿಂತಿದ್ದ ಹುಡುಗರೂ ನಕ್ಕರು. ಬೈಗುಳದ ನೆಂಟರಿಗೆ ಏನಾದರೂ ಕೊಟ್ಟರೇ ಹೆಣಕ್ಕೆ ದಾರಿ; ಅಧಿಕಾರಿ ಜೇಬಿಗೆ ಕೈ ಹಾಕಿದ.

"ದುಡ್ಡು ಬೇಡ. ಕಡಲೆಕಾಯಿ ತನ್ನಿ, ಹೆಣ ಬಿಡ್ತೀನಿ."

ಸರ್ಕಾರಿ ಕಾರು ಸಂತೆಗೆ ಹೋಗಿ ಕಡಲೆಕಾಯಿ ತಂದಿತು. ಆಮೇಲೆ ದಾರಿ ಬಿಟ್ಟೆ.

ನಿಜ ಹೇಳಿದೆ. ಎಲ್ಲರೂ ನಕ್ಕರು, ಒಬ್ಬರೂ ನಂಬಲಿಲ್ಲ. ಹಾಗಾದರೆ ಹೇಳಿದ ಹಾಗಾಯಿತೋ ಇಲ್ಲವೋ...

ಮಾರ್ಚ್ ೮

ಅಂಗಡಿಗೆ ಅಜ್ಜನ ಹೆಂಡತಿ ಪೊಲೀನ್ ಅಜ್ಜಿ ಬಂದಳು. ಅಜ್ಜನ ಜಾಗದಲ್ಲೇ ಕೂತಳು. ಸೈಕಲ್ ಒಯ್ಯಲು ಬಂದಳೇನೋ ಎಂದುಕೊಂಡೆ. ಅದರತ್ತ ನೋಡಲೂ ಇಲ್ಲ.

"ಆ ಫೋಟೋ ತೆಗೆದಾಗ ನಾನು ಬಾಗಿಲ ಹಿಂದೆ ಇದ್ದೆ, ಸಲ್ಮಾತಾ. ಸೈನಿಕರು ಆಚೆ ಹೋದ್ಮೇಲೆ ಅವ್ರನ್ನ ಎತ್ತಿ ನಿಲ್ಲಿಸ್ದೋಳು ನಾನೇ. ಹೆದ್ರಿದ್ದೆ ಅಂತ ನಂಗೆ ಅವ್ರು ಒಂದಿನಾನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಕಡಲೆಕಾಯಿ ಮುಂದಿಟ್ಟೆ. ಒಂದು ಸುಲಿದಳು, ತಿನ್ನಲಿಲ್ಲ.

"ಟೋಪಿ ಎಲ್ಲಿ? ಇನ್ನೊಂದ್ಸಲ ಮಾಡು. ಅವತ್ತು ಸರಿಯಾಗಿ ಮಾಡ್ಲಿಲ್ಲ ನೀನು. ಅವ್ರಿಗೆ ಎಡಗಾಲು ಜಾಸ್ತಿ ನಡುಗ್ತಿತ್ತು."

ಟೋಪಿ ಹಾಕಿಕೊಂಡೆ. ಅವಳ ಎದುರಿಗೆ ಕೂತೆ. ಎಡಗಾಲು ಜಾಸ್ತಿ ನಡುಗಿಸಿದೆ.